ನಲವತ್ತು ಅಂಗಿಗೆ ಒಂದೇ ಜೇಬು

ಶನಿವಾರ, ಮಾರ್ಚ್ 14
ಮಧ್ಯಾಹ್ನ

ಪ್ರೀತಿಯ ಮಗಳೇ,

ಅಪ್ಪನ ಆಶೀರ್ವಾದ, ನಿನ್ನ ಮಗಳು ಗುಂಡಿಯಿಂದ ಎರಡು ಮುತ್ತು. ಕಾಗದ ತಡವಾಯಿತು, ತಪ್ಪು ತಿಳಿಯಬೇಡ. ವಾರಕ್ಕೊಂದು ಬರೆಯುತ್ತೇನೆ ಎಂದು ನಿನ್ನನ್ನು ಟ್ರೇನಿಂಗಿಗೆ ಕಳಿಸುವಾಗ ಮಾತು ಕೊಟ್ಟಿದ್ದೆ. ಎರಡು ವಾರದಿಂದ ಒಂದಕ್ಷರವಿಲ್ಲ. ಬರೆಯಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ನಾಲ್ಕು ಸಲ ಕೂತೆ. ನಾಲ್ಕು ಸಲವೂ ‘ಇಲ್ಲಿ ಎಲ್ಲ ಕ್ಷೇಮ’ ಎಂಬ ಮೊದಲ ಸಾಲಿಗೇ ಕೈ ನಿಂತಿತು, ಹರಿದು ಹಾಕಿದೆ. ಇವತ್ತು ಆ ಸಾಲನ್ನು ಬಿಟ್ಟೇ ಶುರು ಮಾಡುತ್ತಿದ್ದೇನೆ.

ಗಾಬರಿಯಾಗಬೇಡ. ಗುಂಡಿ ಚೆನ್ನಾಗಿದ್ದಾಳೆ. ಈಗ ನನ್ನ ಎದುರಿಗೇ ನೆಲದ ಮೇಲೆ ಬೋರಲು ಮಲಗಿಕೊಂಡು, ನೀನು ಓಡಿಸಲಿರುವ ರೈಲು ಎಂಜಿನ್ನಿನ ಚಿತ್ರ ಬರೆಯುತ್ತಿದ್ದಾಳೆ. ಎಂಜಿನ್ನಿಗೆ ಕಣ್ಣಿದೆ, ರೆಪ್ಪೆಯಿದೆ, ಕಿವಿಗೆ ಓಲೆಯೂ ಇದೆ. “ಅಮ್ಮ ಎಲ್ಲಿ?” ಅಂದರೆ “ಒಳಗೆ ಬ್ರೇಕ್ ಹಾಕ್ತಿದ್ದಾಳೆ ತಾತ, ಕಾಣಲ್ಲ” ಅನ್ನುತ್ತಾಳೆ. ಇಷ್ಟನ್ನು ಎರಡು ಸಲ ಓದಿಕೊಂಡು ಸಮಾಧಾನ ಮಾಡಿಕೊಂಡು ಆಮೇಲೆ ಮುಂದಕ್ಕೆ ಓದು.

ಕಳೆದ ಭಾನುವಾರ ಹಾಸ್ಟೆಲಿನಿಂದ ನೀನು ಫೋನ್ ಮಾಡಿದಾಗ ಅವಳು “ಅಮ್ಮಾ, ನಾನು ನೀರಿನ ಮೇಲೆ ಮಲಗಿದ್ದೆ” ಅಂದಳಲ್ಲ, ನೀನು ನಕ್ಕು “ಕನಸು ಕಂಡ್ಯಾ ಪುಟ್ಟಾ?” ಅಂದೆ. ನಾನು ಪಕ್ಕದಲ್ಲೇ ಕೂತಿದ್ದೆ, ಬಾಯಿ ಬಿಡಲಿಲ್ಲ. ಅದು ಕನಸಲ್ಲ. ಅವಳ ಅಪ್ಪ ಅವಳನ್ನು ಈಜುಕೊಳಕ್ಕೆ ಕರೆದುಕೊಂಡು ಹೋಗಿದ್ದ. ಮಾರ್ಚ್ ನಾಲ್ಕು, ಬುಧವಾರ, ಶಿಶುವಿಹಾರದ ಗೇಟಿನಿಂದಲೇ. ಮೂರು ಗಂಟೆ ಹತ್ತು ನಿಮಿಷ ಮಗು ಎಲ್ಲಿದೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಇದೊಂದು ಸಾಲು ಬರೆದರೆ ಉಳಿದದ್ದು ಸಲೀಸಾಗುತ್ತದೆ ಎಂದುಕೊಂಡಿದ್ದೆ. ಆಗುತ್ತಿಲ್ಲ. ಆದರೂ ಬರೆಯುತ್ತೇನೆ. ಇದು ಹೇಗಾಯಿತು ಎಂದು ನಿನಗೆ ತಿಳಿಯಬೇಕಾದರೆ ಮೊದಲು ನನ್ನ ಪ್ರೋಗ್ರಾಮಿನ ಕತೆ ಹೇಳಬೇಕು. ಬೇಸರ ಮಾಡಿಕೊಳ್ಳದೆ ಓದು.

ಕಂಪ್ಯೂಟರ್ ಕಲಿಯುತ್ತೇನೆ ಎಂದು ನಾನು ಹೊರಟಾಗ “ಐವತ್ತೊಂಬತ್ತಕ್ಕೆ ಇದೆಲ್ಲ ಬೇಕೇನಪ್ಪಾ” ಎಂದು ನೀನು ರೇಗಿಸಿದ್ದೆ. ಮೂವತ್ತೊಂದು ವರ್ಷ ಬಟ್ಟೆ ಕತ್ತರಿಸಿದ ಕೈಯನ್ನು ಖಾಲಿ ಮಾಡಿದ್ದೇ ಒಂದು ಕಂಪ್ಯೂಟರು. ಫ್ಯಾಕ್ಟರಿಗೆ ತಾನೇ ಕತ್ತರಿಸುವ ಯಂತ್ರ ಬಂದ ಮೇಲೆ ಕಟಿಂಗ್ ಮಾಸ್ತರ ಯಾರಿಗೆ ಬೇಕು? ನನ್ನ ಕೆಲಸ ಕಿತ್ತುಕೊಂಡವನ ಗುಟ್ಟೇನು ನೋಡೋಣ ಎಂಬ ಹಟದಿಂದಲೇ ಲೈಬ್ರರಿಯ ಸಂಜೆ ಪಾಠಕ್ಕೆ ಸೇರಿದ್ದು. ಟೀಚರಮ್ಮನಿಗೆ ನಿನಗಿಂತ ಎರಡು ವರ್ಷ ಕಡಿಮೆ. ಪ್ರೋಗ್ರಾಮ್ ಬರೆಯುವ ಭಾಷೆಗೆ ಹೆಬ್ಬಾವಿನ ಹೆಸರು, ಪೈಥಾನ್. ಮೊದಲ ತಿಂಗಳು ಆ ಹಾವು ನನ್ನನ್ನು ಸುತ್ತಿಕೊಂಡದ್ದೇ ಸುತ್ತಿಕೊಂಡದ್ದು.

ಎರಡನೇ ತಿಂಗಳು ಒಂದು ಸಂಜೆ ಟೀಚರಮ್ಮ ಬೋರ್ಡಿನ ಮೇಲೆ ಕ್ಲಾಸ್, ಆಬ್ಜೆಕ್ಟ್ ಎಂದು ಎರಡು ಮಾತು ಬರೆದರು. “ಕ್ಲಾಸ್ ಅಂದ್ರೆ ವಸ್ತು ಅಲ್ಲ, ವಸ್ತು ಹೇಗಿರಬೇಕು ಅನ್ನೋ ವಿವರ. ಆ ವಿವರ ಇಟ್ಕೊಂಡು ಮಾಡಿದ್ದು ಆಬ್ಜೆಕ್ಟ್” ಅಂದರು. ಎಳೆಯರೆಲ್ಲ ಪಿಳಿಪಿಳಿ ಕಣ್ಣು ಬಿಡುತ್ತ ಕೂತರು. ನಾನು ಕೈ ಎತ್ತಿ “ಅಂದ್ರೆ ಕಾಗದದ ನಮೂನೆ ಮತ್ತೆ ಅದರಿಂದ ಕತ್ತರಿಸಿದ ಅಂಗಿ ಇದ್ದ ಹಾಗೆ ಅಲ್ವಾ?” ಅಂದೆ. ಅವರು ಸೀಮೆಸುಣ್ಣ ಕೆಳಗಿಟ್ಟು “ಮಾಸ್ತರೇ, ಒಂದು ಗಂಟೆ ಹೇಳೋಣ ಅಂತ ಬಂದಿದ್ದೆ, ನೀವು ಒಂದೇ ಮಾತಲ್ಲಿ ಮುಗಿಸಿಬಿಟ್ರಿ” ಅಂದರು. ಆವತ್ತು ನಾನು ಮನೆಗೆ ನಡೆದುಕೊಂಡು ಬಂದೆನೋ ಹಾರಿಕೊಂಡು ಬಂದೆನೋ ನೆನಪಿಲ್ಲ.

ಆಮೇಲೆ ಎಲ್ಲ ನಮೂನೆಯ ಲೆಕ್ಕದಲ್ಲೇ ಅರ್ಥವಾಗತೊಡಗಿತು. ನಮೂನೆಯ ಮೇಲೆ ‘ತೋಳಿನ ಉದ್ದ’ ಎಂದು ಬರೆದಿರುತ್ತದೆ. ಯಾರ ತೋಳು? ಮುಂದೆ ಈ ಅಂಗಿ ಯಾರದಾಗುತ್ತದೋ ಅವರದು. ಸೆಲ್ಫ್ ಎಂದು ಸಾಲುಸಾಲಿಗೂ ಬರೆಸುತ್ತಾರಲ್ಲ, ಅದು ಅಷ್ಟೇ: ‘ಈ ಅಂಗಿಯ’. ಪ್ರತಿ ಅಂಗಿ ಹುಟ್ಟುವಾಗ ಒಂದು ಸಲ ನಡೆಯುವ ಕೆಲಸಗಳನ್ನು ಇನಿಟ್ ಎಂಬ ಜಾಗದಲ್ಲಿ ಬರೆಯಬೇಕು, ಅಳತೆ ತೆಗೆದು ಗುರುತು ಹಾಕಿದ ಹಾಗೆ. ಒಂದು ನಮೂನೆಯ ಮೇಲೆ ಇನ್ನೊಂದನ್ನು ಕಟ್ಟುವುದೂ ಉಂಟು. ತಾಯಿ ಕ್ಲಾಸಿನಲ್ಲಿ ಇರುವುದೆಲ್ಲ ಮಗಳು ಕ್ಲಾಸಿಗೆ ಕೇಳದೆಯೇ ಬರುತ್ತದೆ, ನಿನ್ನಮ್ಮನ ಸಿಟ್ಟು ನಿನಗೆ ಬಂದ ಹಾಗೆ.

ಇಷ್ಟು ಬಂದ ಮೇಲೆ ಕೈ ಸುಮ್ಮನಿರುತ್ತದೆಯೇ? ಶಿಶುವಿಹಾರದಲ್ಲಿ ನಾನು ಮಧ್ಯಾಹ್ನದ ಹೊತ್ತು ಹಾಜರಿ ಪುಸ್ತಕ ಬರೆಯುವುದು ನಿನಗೆ ಗೊತ್ತೇ ಇದೆ. ಯಾವ ಮಗುವನ್ನು ಯಾರು ಕರೆದೊಯ್ಯಬಹುದು ಎಂಬ ಚೀಟಿಗಳೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಇರುತ್ತಿದ್ದವು. ಮೇನೇಜರ್ ಮೇಡಮ್ಮಿಗೆ “ನಾನು ಪ್ರೋಗ್ರಾಮ್ ಬರ್ಕೊಡ್ತೀನಿ” ಅಂದೆ. ‘ಮಗು’ ಎಂದೊಂದು ಕ್ಲಾಸ್. ಅದಕ್ಕೆ ಹೆಸರು, ವಯಸ್ಸು, ಕೋಣೆ, ಕರೆದೊಯ್ಯಬಹುದಾದವರ ಲಿಸ್ಟ್. ಅದರ ಮೇಲೆ ‘ಹಸುಗೂಸು’ ಎಂದು ಮಗಳು ಕ್ಲಾಸ್: ಮಗುವಿಗೆ ಇರುವುದೆಲ್ಲ ಉಂಟು, ಜೊತೆಗೆ ಹಾಲಿನ ಹೊತ್ತು. ಒಟ್ಟು ನಲವತ್ತು ಮಕ್ಕಳು, ನಲವತ್ತು ಆಬ್ಜೆಕ್ಟು. ಬಂದವರು ಗೇಟಿನಲ್ಲಿ ತಮ್ಮ ಹೆಸರು, ಮಗುವಿನ ಹೆಸರು ಹೇಳಬೇಕು. ಲಿಸ್ಟಿನಲ್ಲಿದ್ದರೆ ಕಂಪ್ಯೂಟರಿನ ಪರದೆ ಹಸಿರು, ಇಲ್ಲದಿದ್ದರೆ ಕೆಂಪು.

ಗೇಟಿನಕ್ಕನಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಹತ್ತೊಂಬತ್ತು ವರ್ಷದಿಂದ ಆ ಗೇಟಿನಲ್ಲಿ ಕೂತವಳು. ಅವಳ ಹೆಸರು ಹಿಡಿದು ಯಾರೂ ಕರೆದದ್ದಿಲ್ಲ, ಮೇಡಮ್ಮಿಗೂ ಅವಳು ಗೇಟಿನಕ್ಕನೇ. “ನಂಗೆ ಮುಖ ಗೊತ್ತು ಮಾಸ್ತರೇ, ಮುಖಕ್ಕಿಂತ ದೊಡ್ಡ ಲಿಸ್ಟ್ ಯಾವುದು?” ಅಂದಳು. ಮೇಡಮ್ ಒಪ್ಪಲಿಲ್ಲ. “ಮುಖ ನೋಡಿ ಕಳಿಸೋದು ಇನ್ಮೇಲೆ ಬೇಡ. ಪರದೆ ಏನು ಹೇಳುತ್ತೋ ಅದೇ” ಎಂದು ಗೋಡೆಗೆ ಕಾಗದವನ್ನೇ ಅಂಟಿಸಿದರು. ಆ ಕಾಗದ ಈಗಲೂ ಅಲ್ಲೇ ಇದೆ.

ನಾನು ಪರೀಕ್ಷೆ ಮಾಡದೆ ಕೊಡಲಿಲ್ಲ, ಇದನ್ನು ನೀನು ನಂಬಬೇಕು. ಊರಲ್ಲಿಲ್ಲದ ಹೆಸರುಗಳನ್ನು ಕೊಟ್ಟು ನೋಡಿದೆ, ಕೆಂಪು ಬಂತು. ಸರಿಯಾದ ಅಪ್ಪ ಅಮ್ಮಂದಿರ ಹೆಸರು ಕೊಟ್ಟೆ, ಹಸಿರು ಬಂತು. ಐದು ವಾರ ಎಲ್ಲ ನೆಟ್ಟಗೆ ನಡೆಯಿತು. ಮೇಡಮ್ಮು ಬಂದವರಿಗೆಲ್ಲ “ನಮ್ಮ ಮಾಸ್ತರೇ ಮಾಡಿದ್ದು” ಎಂದು ತೋರಿಸುತ್ತಿದ್ದರು. ನಾನು ಬೀಗುತ್ತಿದ್ದೆ.

ಈಗ ಬುಧವಾರಕ್ಕೆ ಬರುತ್ತೇನೆ.

ಗುಂಡಿಯ ಅಪ್ಪನನ್ನು ಈ ಕಾಗದದಲ್ಲಿ ಏನೆಂದು ಕರೆಯುವುದೋ ನನಗೆ ತಿಳಿಯದು. ಅಳಿಯ ಎನ್ನಲು ಬಾಯಿ ಬರುವುದಿಲ್ಲ, ಬೇರೆ ಮಾತು ರೂಢಿಯಿಲ್ಲ. ಅವನ ಅಕ್ಕನ ಮಗ ನಮ್ಮಲ್ಲೇ ದೊಡ್ಡ ಮಕ್ಕಳ ಕೋಣೆಯಲ್ಲಿದ್ದಾನೆ. ಬುಧವಾರ ಅಕ್ಕನಿಗೆ ಕೆಲಸ ಮುಗಿಯುವುದು ತಡ, ಹಾಗಾಗಿ ಆ ಹುಡುಗನನ್ನು ಕರೆದೊಯ್ಯಲು ಇವನು ಬರುತ್ತಾನೆ. ಆ ಹುಡುಗನ ಲಿಸ್ಟಿನಲ್ಲಿ ಸೋದರಮಾವ ಎಂದು ಇವನ ಹೆಸರಿದೆ, ನ್ಯಾಯವಾಗಿಯೇ ಇದೆ. ಗುಂಡಿಯ ಲಿಸ್ಟಿನಲ್ಲಿ ಇದ್ದದ್ದು ಎರಡೇ ಹೆಸರು, ನಿನ್ನದು ಮತ್ತು ನನ್ನದು. ಎರಡು ವರ್ಷದ ಕೆಳಗೆ ಐಸ್‌ಕ್ರೀಂ ಕೊಡಿಸಿ ತರುತ್ತೇನೆ ಎಂದು ಹೋದವನು ಮೂರು ದಿನ ಮಗುವಿನ ಜೊತೆ ಪತ್ತೆಯಿಲ್ಲದಾದದ್ದು, ನೀನು ಠಾಣೆಯ ಬೆಂಚಿನ ಮೇಲೆ ಹನಿ ನೀರು ಮುಟ್ಟದೆ ಕೂತದ್ದು, ಒಬ್ಬನೇ ಕರೆದೊಯ್ಯುವಂತಿಲ್ಲ ಎಂದು ಆಮೇಲೆ ಕೋರ್ಟು ಹೇಳಿದ್ದು ನಾನು ಮರೆತಿಲ್ಲ. ಆ ಆಜ್ಞೆಯ ಪ್ರತಿಯನ್ನು ನೀನೇ ಮೇಡಮ್ಮಿನ ಕೈಗೆ ಕೊಟ್ಟಿದ್ದೆ. ಅವರು ಅದನ್ನು ಡ್ರಾಯರಿನಲ್ಲಿ ಜೋಪಾನವಾಗಿ ಇಟ್ಟು ಬೀಗ ಹಾಕಿದ್ದರು. ಗೇಟಿನಕ್ಕನಿಗೆ ತೋರಿಸಿರಲಿಲ್ಲ.

ನಾಲ್ಕು ಗಂಟೆಗೆ ಅವನು ಬಂದ. ಅಕ್ಕನ ಮಗನ ಹೆಸರು ಹೇಳಿದ, ಹಸಿರು ಬಂತು. ಆಮೇಲೆ ಗುಂಡಿಯ ಹೆಸರನ್ನೂ ಹೇಳಿದ. ಅದಕ್ಕೂ ಹಸಿರೇ ಬಂತು. ಗೇಟು ತೆರೆಯಿತು. ನಾನು ಆಗ ಒಳಗೆ ಪ್ರಿಂಟರಿನ ಹತ್ತಿರ ಇದ್ದೆ. ಐದು ನಿಮಿಷದ ಮೇಲೆ ಗುಂಡಿಯ ಚೀಲ ತೂಗುಹಾಕುವ ಮೊಳೆ ಖಾಲಿ ಇದ್ದದ್ದು ಕಣ್ಣಿಗೆ ಬಿತ್ತು.

ಆ ಮೂರು ಗಂಟೆಯನ್ನು ಹೇಗೆ ಬರೆಯಲಿ. ಅವನ ಫೋನು ಆಫ್. ಮೇಡಮ್ ಠಾಣೆಗೆ ಫೋನ್ ಮಾಡಿದರು. ನಾನು ಅವನ ಅಕ್ಕನ ಮನೆಗೆ ಓಡಿದೆ; ಓಡಿದೆ ಎಂದರೆ ನಿಜಕ್ಕೂ ಓಡಿದೆ, ಚಪ್ಪಲಿಯ ಉಂಗುಟ ಕಿತ್ತು ಅರ್ಧ ದಾರಿ ಒಂದೇ ಕಾಲಿಗೆ ಚಪ್ಪಲಿ. ಬಾಗಿಲು ತೆಗೆದವನು ಆ ಹುಡುಗನೇ, ಹಿಂದೆ ಪಕ್ಕದ ಮನೆಯಾಕೆ. “ಮಾವ ನನ್ನನ್ನ ಇಳಿಸಿ ಹೋದ. ಗುಂಡಿ ಕಾರಲ್ಲೇ ಇದ್ಲು” ಅಂದ. ಎಲ್ಲಿಗೆ ಎಂದು ಅವನಿಗೂ ಗೊತ್ತಿಲ್ಲ. ವಾಪಸ್ಸು ಬರುವಾಗ ನಿಂತ ಪ್ರತಿ ಕಾರಿನ ಕಿಟಕಿಗೂ ಮುಖ ಒತ್ತಿ ನೋಡಿದೆ. ಒಬ್ಬಾಕೆ ಹೆದರಿ ಗಾಜು ಏರಿಸಿದಳು. ಮಗಳೇ, ನಿನಗೆ ಫೋನ್ ಮಾಡಲು ಮೂರು ಸಲ ನಂಬರು ಒತ್ತಿ ಮೂರು ಸಲವೂ ಕತ್ತರಿಸಿದೆ. ಮಗು ಕಳೆದುಹೋಗಿದೆ ಎಂದು ನಿನಗೆ ಯಾವ ಬಾಯಲ್ಲಿ ಹೇಳಲಿ? ಈಗಲೂ ನಾಲ್ಕು ಗಂಟೆಯಾದರೆ ಕಣ್ಣು ತಾನಾಗಿ ಗೇಟಿನ ಕಡೆ ಹೋಗುತ್ತದೆ.

ಏಳು ಗಂಟೆ ಹತ್ತು ನಿಮಿಷಕ್ಕೆ ಮನೆಯ ಬೆಲ್ಲು ಹೊಡೆಯಿತು. ಗುಂಡಿ ಒದ್ದೆ ಕೂದಲಿನಲ್ಲಿ, ಹಲ್ಲೆಲ್ಲ ತೋರಿಸಿಕೊಂಡು ನಿಂತಿದ್ದಳು. ಹಿಂದೆ ಅವನು. ನಾನು ಅವಳನ್ನು ಎತ್ತಿಕೊಂಡು ತೊಡೆ, ಕೈ, ಬೆನ್ನು ಎಲ್ಲ ತಡವಿ ನೋಡಿದೆ. “ತಾತ ಕಚಗುಳಿ ಬೇಡ” ಎಂದು ಕಿರುಚಿದಳು.

“ಹೇಳದೆ ಕೇಳದೆ ಹೀಗೆ ಮಾಡಬಹುದೇನಪ್ಪಾ?” ಅಂದೆ.

“ಕೇಳ್ದೆನಲ್ಲ ಮಾವ. ಗೇಟಲ್ಲಿ ನಿಂತು ಹೆಸರು ಹೇಳಿ ಕೇಳ್ದೆ. ಹಸಿರು ಬಂತು, ಕಳಿಸಿದ್ರು. ನೀವೆಲ್ಲ ಸೇರಿ ಮನಸ್ಸು ಬದಲಾಯಿಸಿದ್ರೇನೋ ಅಂದ್ಕೊಂಡೆ” ಅಂದ. ಸುಳ್ಳಾಡುತ್ತಿದ್ದಾನೆ ಎಂದು ನನಗೆ ಅನ್ನಿಸಲಿಲ್ಲ. ಹೋಗುವಾಗ ಇನ್ನೇನೋ ಒಂದು ಮಾತು ಹೇಳಿ ಹೋದ.

ಮರುದಿನ ಲೈಬ್ರರಿ ತೆರೆಯುವ ಮುಂಚೆಯೇ ಬಾಗಿಲಲ್ಲಿ ನಿಂತಿದ್ದೆ. ಟೀಚರಮ್ಮ ನನ್ನ ಮುಖ ನೋಡಿ ಕೋಟು ಕೂಡ ತೆಗೆಯದೆ ಕಂಪ್ಯೂಟರ್ ಹಾಕಿದರು. “ಮಾಸ್ತರೇ, ಹೊಸದಾಗಿ ಎರಡು ಮಕ್ಕಳನ್ನ ಮಾಡಿ. ಒಂದು ಮಗುವಿನ ಲಿಸ್ಟಿಗೆ ಮಾತ್ರ ಒಂದು ಹೆಸರು ಸೇರಿಸಿ. ಈಗ ಇನ್ನೊಂದರ ಲಿಸ್ಟ್ ತೆಗೆದು ನೋಡಿ” ಅಂದರು. ನೋಡಿದೆ. ಖಾಲಿ ಇರಬೇಕಾದ ಲಿಸ್ಟಿನಲ್ಲಿ ಆ ಹೆಸರು ಕೂತಿತ್ತು.

ಹೆಸರು, ವಯಸ್ಸು, ಕೋಣೆ ಇವನ್ನೆಲ್ಲ ನಾನು ಇನಿಟ್ ಒಳಗೆ ಬರೆದಿದ್ದೆ, ಪ್ರತಿ ಮಗುವಿಗೂ ಅದರದರದ್ದು. ಲಿಸ್ಟನ್ನು ಮಾತ್ರ ಅದರ ಹೊರಗೆ, ಕ್ಲಾಸಿನ ನೆತ್ತಿಯ ಮೇಲೆ ಬರೆದಿದ್ದೆ. ಯಾಕೆ ಗೊತ್ತೇ? ನನಗೆ ಕತ್ತರಿ ಹಿಡಿಸಿದ ಮಾಸ್ತರು ಸ್ಕೇಲಿನಲ್ಲಿ ಹೊಡೆದು ಕಲಿಸಿದ ಪಾಠ ಅದು: ಎಲ್ಲ ಅಂಗಿಗೂ ಸಮನಾದದ್ದನ್ನು ತುಂಡುತುಂಡಿನ ಮೇಲೆ ಗೀಚಬೇಡ, ನಮೂನೆಯ ಮೇಲೆ ಒಂದೇ ಸಲ ಬರೆ. ಎಲ್ಲ ಮಕ್ಕಳಿಗೂ ಒಂದು ಲಿಸ್ಟು ಇರಲೇಬೇಕು, ಶುರುವಿಗೆ ಎಲ್ಲರದೂ ಖಾಲಿ. ಹಾಗಾದರೆ ನಮೂನೆಯ ಮೇಲೇ ಇರಲಿ ಎಂದು ಕೈ ತಾನಾಗಿ ಅಲ್ಲಿಗೆ ಹೋಯಿತು. ಕಾಗದದ ಮೇಲೆ ‘ಇಲ್ಲಿ ಜೇಬು’ ಎಂದು ಬರೆದರೆ ದರ್ಜಿ ನಲವತ್ತು ಅಂಗಿಗೆ ನಲವತ್ತು ಜೇಬು ಹೊಲಿಯುತ್ತಾನೆ. ಈ ಹಾವು ಹಾಗಲ್ಲ. ನಮೂನೆಗೇ ಒಂದು ಜೇಬು ಹೊಲಿದು, ನಲವತ್ತು ಅಂಗಿಗೂ ಅದೇ ಜೇಬು ಎಂದಿತು. ಯಾರು ಕೈ ಹಾಕಿದರೂ ಅದೇ ಜೇಬು. ಒಂದು ಮಗುವಿನ ಸೋದರಮಾವ ನಲವತ್ತು ಮಕ್ಕಳಿಗೂ ಸೋದರಮಾವ. ಊರಲ್ಲಿಲ್ಲದ ಹೆಸರು ಯಾರ ಲಿಸ್ಟಿನಲ್ಲೂ ಇಲ್ಲದ್ದರಿಂದ ನನ್ನ ಪರೀಕ್ಷೆಯಲ್ಲಿ ಕೆಂಪು ಬಂದಿತ್ತು. ಒಂದು ಮಗುವಿನವರನ್ನು ಇನ್ನೊಂದು ಮಗುವಿಗೆ ಕೇಳಿ ನೋಡಬೇಕಿತ್ತು. ಅದು ನನಗೆ ಹೊಳೆಯಲೇ ಇಲ್ಲ.

“ಎಲ್ರೂ ಒಂದು ಸಲ ಮಾಡೋ ತಪ್ಪೇ ಇದು” ಎಂದು ಟೀಚರಮ್ಮ ಸಮಾಧಾನ ಹೇಳಿದರು. ಒಂದು ಸಾಲನ್ನು ಇನಿಟ್ ಒಳಗೆ ಸರಿಸಿ, ಮುಂದೆ ಸೆಲ್ಫ್ ಹಾಕಿದರು. ಅಷ್ಟೇ ದುರಸ್ತಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಇಲ್ಲಿ ಕುಂಬಾರನೂ ನಾನೇ ದೊಣ್ಣೆಯೂ ನಾನೇ. ಐದು ವಾರ ಆ ಗೇಟಿನಲ್ಲಿ ಯಾರು ಯಾರ ಮಗುವನ್ನು ಬೇಕಾದರೂ ಕೇಳಿ ಕರೆದೊಯ್ಯಬಹುದಿತ್ತು ಎಂದು ನೆನೆದು ಇವತ್ತಿಗೂ ರಾತ್ರಿ ಎದ್ದು ಗುಂಡಿಯನ್ನು ಮುಟ್ಟಿ ನೋಡುತ್ತೇನೆ.

ಇದನ್ನೆಲ್ಲ ಮೇಡಮ್ಮಿಗೆ ಹೇಳಿದೆ. ತಪ್ಪು ನನ್ನ ಪ್ರೋಗ್ರಾಮಿನದು, ಗೇಟಿನಕ್ಕನದಲ್ಲ ಎಂದು ಕಾಗದದಲ್ಲಿ ಬರೆದೂ ಕೊಟ್ಟೆ. ಅವರು ಓದಿ ಪಕ್ಕಕ್ಕಿಟ್ಟರು. “ಪ್ರೋಗ್ರಾಮಿಗೆ ನೋಟಿಸ್ ಕೊಡೋಕಾಗಲ್ಲ ಮಾಸ್ತರೇ. ಹತ್ತೊಂಬತ್ತು ವರ್ಷದಿಂದ ಇದ್ದಾಳೆ. ಪರದೆ ಏನೇ ಹೇಳ್ಲಿ, ತಲೆ ಓಡಿಸಬೇಕಿತ್ತು. ಒಂದು ಮಾತು ಯಾರನ್ನಾದ್ರೂ ಕೇಳಬೇಕಿತ್ತು” ಅಂದರು. ಪರದೆ ಹೇಳಿದ್ದೇ ಕೊನೆ ಎಂದು ಗೋಡೆಗೆ ಅಂಟಿಸಿದವರೂ ಅವರೇ! ನಾನು ಆ ಕಾಗದದ ಕಡೆ ನೋಡಿದೆ. ಅವರು ನೋಡಲಿಲ್ಲ. ಸೋಮವಾರ ಹನ್ನೊಂದಕ್ಕೆ ಸಮಿತಿಯವರು ಸೇರುತ್ತಾರೆ. ಗೇಟಿನಕ್ಕನನ್ನು ತೆಗೆಯುವುದೆಂದು ಆಗಲೇ ಮಾತಾಗಿದೆಯಂತೆ. ಈ ವಾರ ಬುಧವಾರದಿಂದ ಅವಳಿಗೆ ಬರಬೇಡ ಎಂದಿದ್ದಾರೆ, ಗೇಟಿನಲ್ಲಿ ಅಡುಗೆಯಾಕೆ ಕೂರುತ್ತಾಳೆ. ಮಕ್ಕಳು ಬಂದ ಕೂಡಲೆ ಗೇಟಿನಕ್ಕ ಎಲ್ಲಿ ಎಂದು ಕೇಳುತ್ತವೆ.

ಮೊನ್ನೆ ಅವಳ ಮನೆಗೆ ಹೋಗಿದ್ದೆ. ಮೂರನೇ ಮಹಡಿ, ಎರಡು ಕೋಣೆ, ಹಾಸಿಗೆ ಹಿಡಿದ ತಾಯಿ. ಮಂಡಿನೋವಿನಲ್ಲೂ ಎದ್ದು ಟೀ ಮಾಡಿ ಕೊಟ್ಟಳು. ನನಗೆ ಅವಳ ಮುಖ ನೋಡಲಾಗದೆ ಲೋಟವನ್ನೇ ನೋಡುತ್ತ ಕುಡಿದು ಬಂದೆ.

ಇಷ್ಟು ವಿಷಯ. ನೀನು ಸಿಟ್ಟಾಗುವುದು ನ್ಯಾಯ. ಆದರೆ ಓಡಿ ಬರಬೇಡ. ಇಪ್ಪತ್ತೇಳಕ್ಕೆ ನಿನ್ನ ಕೊನೆಯ ಪರೀಕ್ಷೆ. ಎರಡು ದಿನ ತಪ್ಪಿಸಿದರೆ ಬ್ಯಾಚೇ ಹೋಗುತ್ತದೆ ಎಂದು ನೀನೇ ಹೇಳಿದ್ದೆ. ಗುಂಡಿಯನ್ನು ಈಗ ನಾನು ಕೈ ಹಿಡಿದೇ ಬಿಡುತ್ತೇನೆ, ಕೈ ಹಿಡಿದೇ ಕರೆತರುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಸಿಗ್ನಲ್ಲು ನೋಡುವಾಗ ಮನೆಯ ಚಿಂತೆ ಬೇಡ. ನಿನ್ನ ಕೈಯಲ್ಲಿ ನೂರಾರು ಜನ ನಂಬಿ ಕೂರುವ ದಿನ ಬರುತ್ತದೆ. ನೂರು ಕಾಲ ಬಾಳು, ತಾಯಿ. ನಿನ್ನ ದಾರಿಗೆ ಒಂದು ಕಲ್ಲೂ ಅಡ್ಡ ಬಾರದಿರಲಿ.

ನಿನ್ನ ಅಪ್ಪ

ಸೋಮವಾರ ಬೆಳಿಗ್ಗೆ, ಎಂಟೂವರೆ

ತಾಜಾ ಕಲಂ: ಶನಿವಾರವೇ ಲಕೋಟೆ ಅಂಟಿಸಿ ಇಟ್ಟಿದ್ದೆ. ನಿನ್ನೆ ನೀನು ಫೋನ್ ಮಾಡಿ “ಯಾಕಪ್ಪಾ, ದನಿ ಇಳಿದಿದೆ?” ಅಂದೆ, ನಾನು “ಶೀತ” ಅಂದೆ. ಆಮೇಲೆ ಕೂತು ಲಕೋಟೆ ಬಿಡಿಸಿದೆ. ಅಂಚು ಹರಿದಿರುವುದು ಅದಕ್ಕೇ.

ಪ್ರೋಗ್ರಾಮಿನ ತಪ್ಪಿನ ಬಗ್ಗೆ ಬರೆದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಮೊಳೆ ಖಾಲಿ ಇದ್ದದ್ದು ನೋಡಿ ನನಗೆ ಗೊತ್ತಾಯಿತು ಎಂದದ್ದು ಸುಳ್ಳು. ಪ್ರಿಂಟರು ಇರುವುದು ಗೇಟಿನಿಂದ ನಾಲ್ಕು ಹೆಜ್ಜೆಗೆ, ನಡುವೆ ಇರುವುದು ಅರ್ಧ ಬಾಗಿಲು. ಅವನು ಬಂದು ನಿಂತದ್ದನ್ನು ನೋಡಿದೆ. ಗುಂಡಿಯ ಹೆಸರು ಹೇಳಿದ್ದು ಕಿವಿಗೆ ಬಿತ್ತು. ಗೇಟಿನಕ್ಕ ಪರದೆ ನೋಡಿ ಗೇಟು ತೆಗೆದುಬಿಡಲಿಲ್ಲ. ಮೇಡಮ್ ಹೇಳುವ ಹಾಗೆ ಅವಳು ತಲೆ ಓಡಿಸಿದಳು, ಯಾರನ್ನು ಕೇಳಬೇಕೋ ಅವರನ್ನೇ ಕೇಳಿದಳು. ಅರ್ಧ ಬಾಗಿಲಿಗೆ ಬಂದು “ಮಾಸ್ತರೇ, ಗುಂಡಿಗೂ ಹಸಿರು ತೋರಿಸ್ತಿದೆ. ಕಳಿಸ್ಲಾ?” ಅಂದಳು. ನಾನು “ಹಸಿರಿದ್ರೆ ಕಳಿಸು” ಅಂದು ಪ್ರಿಂಟರಿನ ಕಡೆ ತಿರುಗಿದೆ.

ಅವಳು ಇದನ್ನು ಯಾರಿಗೂ ಹೇಳಿಲ್ಲ. ಟೀ ಕೊಟ್ಟ ದಿನ ನನಗೆ ಇಷ್ಟೇ ಅಂದಳು: “ನಾನು ಬಾಯಿ ಬಿಟ್ರೆ ನಿಮ್ಮ ಮಗಳು ಓದು ಬಿಟ್ಟು ಬಂದು ಮಗೂನ ನಿಮ್ಮ ಕೈಯಿಂದ ತಗೊಂಡು ಹೋಗ್ತಾಳೆ. ನಂಗೆ ಬಿಡಿ, ಬೇರೆ ಗೇಟು ಸಿಗುತ್ತೆ.” ಎಲ್ಲಿ ಸಿಗುತ್ತದೆ, ಈ ವಯಸ್ಸಿಗೆ, ಆ ಮಂಡಿಗೆ? ಅವನು ಹೋಗುವಾಗ ಹೇಳಿದ ಮಾತನ್ನೂ ನುಂಗಿಕೊಂಡಿದ್ದೆ. “ನೀವು ನನ್ನನ್ನ ನೋಡಿದ್ರಿ ಮಾವ, ಸುಮ್ನಿದ್ರಿ. ಅದಕ್ಕೇ ಒಪ್ಪಿಗೆ ಅಂದ್ಕೊಂಡೆ” ಅಂದಿದ್ದ.

ನಾನು ಆ ಪ್ರೋಗ್ರಾಮ್ ಬರೆಯಲು ಹೊರಟದ್ದು ಬಿಸ್ಕತ್ತಿನ ಡಬ್ಬಿಯ ಚೀಟಿ ಕಳೆದೀತು ಎಂದು ಹೆದರಿ ಅಲ್ಲ. ಪ್ರತಿ ಬುಧವಾರ ಅವನು ಗೇಟಿಗೆ ಬರುತ್ತಿದ್ದ, ಒಂದಲ್ಲ ಒಂದು ದಿನ ಗುಂಡಿಯನ್ನು ಕೇಳುತ್ತಾನೆ ಎಂದು ನನಗೆ ಗೊತ್ತಿತ್ತು. ಅವನ ಮುಖ ನೋಡಿ ಇಲ್ಲ ಎನ್ನಲು ನನ್ನಿಂದ ಆಗುವುದಿಲ್ಲ ಎಂದೂ ಗೊತ್ತಿತ್ತು. ಇಲ್ಲ ಎನ್ನುವ ಕೆಲಸ ಯಂತ್ರ ಮಾಡಲಿ, ಹಾವೂ ಸಾಯುವುದು ಬೇಡ ಕೋಲೂ ಮುರಿಯುವುದು ಬೇಡ ಎಂದು ಲೆಕ್ಕ ಹಾಕಿದೆ. ಯಂತ್ರ ಹೂಂ ಎಂದಾಗ ನನಗೆ ಹೆದರಿಕೆ ಆಗಬೇಕಿತ್ತು. ಆದದ್ದು ನಿರಾಳ, ಮಗಳೇ. ಐದು ನಿಮಿಷ ನಿರಾಳವಾಗಿದ್ದೆ, ಆಮೇಲೆ ಹಿಂದಿನ ಆ ಮೂರು ದಿನ ನೆನಪಾಯಿತು.

ನಿನ್ನ ಮದುವೆಗೆ ಒಂದು ತಿಂಗಳ ಮುಂಚೆ, ನೀನು ಕಟಿಂಗ್ ಮೇಜಿನ ಹತ್ತಿರ ಬಂದು “ಅಪ್ಪಾ, ನಿಜ ಹೇಳು, ನಿನಗೆ ಇದು ಒಪ್ಪಿಗೆಯಾ?” ಎಂದು ಕೇಳಿದ್ದೆ. ನಾನು “ನಿನಗೆ ಒಪ್ಪಿಗೆ ಇದ್ರೆ ನನಗೂ ಒಪ್ಪಿಗೆ” ಅಂದು ಕತ್ತರಿ ಎತ್ತಿಕೊಂಡೆ. ನಿನ್ನಮ್ಮ ನನ್ನನ್ನು ಕೋಲೆಬಸವ ಎಂದು ಬೈದಳು. ನನಗೆ ಒಪ್ಪಿಗೆ ಇರಲಿಲ್ಲ. ನೀನು ಕೇಳಿದ್ದು ನಾನು ಅದನ್ನು ಹೇಳಲಿ ಎಂದೇ ಇರಬೇಕು.

ಹನ್ನೊಂದಕ್ಕೆ ಸಮಿತಿಯ ಮುಂದೆ ಗೇಟಿನಕ್ಕ ಕೇಳಿದ ಪ್ರಶ್ನೆ, ನಾನು ಕೊಟ್ಟ ಉತ್ತರ ಎರಡನ್ನೂ ಹೇಳುತ್ತೇನೆ. ಗುಂಡಿಯನ್ನು ನನ್ನ ಹತ್ತಿರ ಬಿಡಬೇಕೋ ಬೇಡವೋ ಎಂದು ಆಮೇಲೆ ಯಾರಾದರೂ ನಿನ್ನನ್ನು ಕೇಳಿದರೆ, ನಿನಗೆ ಕಂಡದ್ದನ್ನೇ ಹೇಳು, ನನ್ನ ಮುಖ ನೋಡಬೇಡ. ಪೋಸ್ಟ್ ಡಬ್ಬಿ ಶಿಶುವಿಹಾರದ ದಾರಿಯಲ್ಲೇ ಇದೆ. ಸಮಿತಿಯ ಮುಂದೆ ಹೇಳಿ ವಾಪಸ್ಸು ಬರುವಾಗ ಹಾಕುತ್ತೇನೆ, ಹೋಗುವಾಗ ಅಲ್ಲ. ಈ ಕಾಗದ ನಿನ್ನ ಕೈ ಸೇರಿದ್ದರೆ ನಾನು ಬಾಯಿ ಬಿಟ್ಟಿದ್ದೇನೆ.